ಬೇರಿಂಗ್ ಬದಲಿಸಿದರೂ ಪಿಕಪ್ ಚಕ್ರದ ಸದ್ದು ಹೋಗಲಿಲ್ಲವೇಕೆ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಪಿಕಪ್. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. ಸುಮಾರು 1,10,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ವೇಗ 40 ಕಿ.ಮೀ. ದಾಟಿದ ಕೂಡಲೇ ಎಡಗಡೆಯ ಚಕ್ರದ ಕಡೆಯಿಂದ ಗುಂಯ್ ಎಂಬ ಸದ್ದು ಶುರುವಾಗಿ, ವೇಗದ ಜೊತೆಗೇ ಏರುತ್ತದೆ. ಬಲಕ್ಕೆ ಹೊರಳುವ ತಿರುವಿನಲ್ಲಿ ಇನ್ನೂ ಜೋರಾಗುತ್ತದೆ. ಬ್ರೇಕ್ ಒತ್ತಿದರೆ ವ್ಯತ್ಯಾಸವಿಲ್ಲ. ಮುಂದಿನ ಎಡ ಚಕ್ರದ ಬೇರಿಂಗ್ ಹೊಸದು ಹಾಕಿಸಿದೆ. ಸದ್ದು ಮೊದಲಿದ್ದಂತೆಯೇ ಇದೆ. ಇದಲ್ಲದೆ ಬೆಳಿಗ್ಗೆ ಹೊರಡುವಾಗ, ನಿಧಾನವಾಗಿ ಹೋಗುತ್ತಿದ್ದರೆ, ಚೀಂವ್ ಚೀಂವ್ ಎಂದೂ ಕೇಳಿಸುತ್ತದೆ. ಇದೆಲ್ಲ ಶುರುವಾಗುವ ಮುನ್ನ ಒಮ್ಮೆ ಮೊಣಕಾಲೆತ್ತರದ ನೀರಿನಲ್ಲಿ ಗಾಡಿ ದಾಟಿಸಿದ್ದೆ. ಮುಂದೆ ಯಾವ ಭಾಗ ಬದಲಿಸಬೇಕು? ಅಲ್ಲಿಯವರೆಗೆ ಸರಕು ಹೇರಬಹುದೇ?

ಉತ್ತರ: ಸದ್ಯಕ್ಕೆ ಯಾವ ಭಾಗವನ್ನೂ ಬದಲಿಸಬೇಡಿ. ಒಂದು ಬೇರಿಂಗ್ ಆಗಲೇ ಅಂದಾಜಿನ ಮೇಲೆ ಹೋಗಿದೆ. ಇನ್ನೊಂದು ಅಂದಾಜಿಗೆ ಇನ್ನೊಂದು ಭಾಗ ತೆರುವ ಮೊದಲು ಆ ಸದ್ದನ್ನೇ ನಾಲ್ಕು ಪ್ರಶ್ನೆ ಕೇಳೋಣ. ನಿಮ್ಮ ಪತ್ರದಲ್ಲಿ ನೀವು ಗಮನಿಸಿ ಬರೆದಿರುವ ಸಂಗತಿಗಳೇ ಅರ್ಧ ಉತ್ತರವನ್ನು ಕೊಟ್ಟುಬಿಟ್ಟಿವೆ. ಅವನ್ನು ಮೆಕ್ಯಾನಿಕ್‌ಗೆ ಇಷ್ಟೇ ವಿವರವಾಗಿ ಹೇಳಿದ್ದರೆ ಮುಂದಿನ ಚಕ್ರ ಬಿಚ್ಚುವ ಮೊದಲು ಅವರು ಇನ್ನೊಮ್ಮೆ ಯೋಚಿಸುತ್ತಿದ್ದರು.

ಮೊದಲು ಕಿವಿಯ ವಿಷಯ. ಪಿಕಪ್‌ನಲ್ಲಿ ನಾವು ಕುಳಿತುಕೊಳ್ಳುವುದು ಮುಂದೆ. ಉದ್ದನೆಯ ಎರಡು ಉಕ್ಕಿನ ತೊಲೆಗಳ ಚಾಸಿಸ್ ಹಿಂದಿನಿಂದ ಮುಂದಕ್ಕೆ ಹಾದು ಬಂದಿರುತ್ತದೆ. ಹಿಂದಿನ ಆಕ್ಸೆಲ್‌ನಲ್ಲಿ ಹುಟ್ಟಿದ ಕಂಪನ ಪಟ್ಟಿ ಸ್ಪ್ರಿಂಗ್ ಹಿಡಿದು ಚಾಸಿಸ್‌ಗೆ ಏರಿ, ಅಲ್ಲಿಂದ ಕ್ಯಾಬಿನ್ನಿನ ತಳಕ್ಕೆ ಬಂದು ತಲುಪುತ್ತದೆ. ಹೀಗಾಗಿ ಚಾಲಕನಿಗೆ ಎಲ್ಲ ಸದ್ದೂ ಮುಂದಿನಿಂದಲೇ ಬಂದಂತೆ ಕೇಳಿಸುತ್ತದೆ. ಎಡ ಬಲವನ್ನು ಕಿವಿ ಬಹುಮಟ್ಟಿಗೆ ಸರಿಯಾಗಿ ಹೇಳುತ್ತದೆ, ಹಿಂದು ಮುಂದಿನ ವಿಷಯದಲ್ಲಿ ಅದನ್ನು ನಂಬಬಾರದು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಇದೇ ಕಾರಣಕ್ಕೆ ಒಂದು ಗಾಡಿಯ ಮುಂದಿನ ಎರಡೂ ಬೇರಿಂಗ್ ಬದಲಿಸಿದ್ದೆ. ಸದ್ದು ಬರುತ್ತಿದ್ದದ್ದು ಹಿಂದಿನ ಟೈರಿನಿಂದ. ಆ ಗಾಡಿಯ ಮಾಲೀಕರಿಗೆ ಆದ ನಷ್ಟ ನನಗೆ ಇಂದಿಗೂ ನೆನಪಿದೆ. ಅಂದಿನಿಂದ ಚಕ್ರದ ಸದ್ದು ಎಂದರೆ ಮೊದಲು ಓಡಿಸಿ ನೋಡುತ್ತೇನೆ, ಬಿಚ್ಚುವುದು ಆಮೇಲೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಕ್ಕೆ ವಾಲುತ್ತದೆ. ಎಡಗಡೆಯ ಎರಡೂ ಚಕ್ರಗಳ ಮೇಲೆ ಹೊರೆ ಹೆಚ್ಚುತ್ತದೆ, ಬಲಗಡೆಯವು ಹಗುರವಾಗುತ್ತವೆ. ಸವೆದ ಬೇರಿಂಗ್‌ನ ಮೇಲೆ ಹೊರೆ ಬಿದ್ದಾಗ ಅದು ಹೆಚ್ಚು ಗೊರಗುಟ್ಟುತ್ತದೆ. ನಿಮ್ಮ ಸದ್ದು ಬಲ ತಿರುವಿನಲ್ಲಿ ಏರುತ್ತದೆ ಎಂದ ಮೇಲೆ ತಪ್ಪು ಎಡಗಡೆಯಲ್ಲಿದೆ ಎಂದು ಶಂಕಿಸುವುದು ನ್ಯಾಯವೇ. ನಿಮ್ಮ ಮೆಕ್ಯಾನಿಕ್ ಅಲ್ಲಿಯವರೆಗೆ ಸರಿಯಾಗಿಯೇ ಯೋಚಿಸಿದ್ದಾರೆ. ಆದರೆ ಎಡಗಡೆ ಎಂದರೆ ಎಡ ಮುಂದಿನದು ಮಾತ್ರವಲ್ಲ, ಎಡ ಹಿಂದಿನದೂ ಹೌದು. ಈ ಪರೀಕ್ಷೆಯನ್ನು ನೀವು ಇನ್ನೊಮ್ಮೆ ಅಚ್ಚುಕಟ್ಟಾಗಿ ಮಾಡಿ: ಖಾಲಿಯಾದ, ಅಗಲವಾದ, ನೇರ ರಸ್ತೆಯಲ್ಲಿ ಸುಮಾರು 50 ಕಿ.ಮೀ. ವೇಗದಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಮತ್ತೆ ಬಲಕ್ಕೆ ಹೊರಳಿಸಿ. ವೇಗ ಒಂದೇ ಇರಬೇಕು. ಎಡಕ್ಕೆ ಹೊರಳಿದಾಗ ಸದ್ದು ತಗ್ಗಿ, ಬಲಕ್ಕೆ ಹೊರಳಿದಾಗ ಏರಿದರೆ ಶಂಕೆ ಗಟ್ಟಿಯಾಗುತ್ತದೆ. ಶಂಕೆ ಎಂದೇ ಹೇಳುತ್ತಿದ್ದೇನೆ, ಏಕೆಂದರೆ ಸವೆತ ಎಲ್ಲಿದೆ ಎಂಬುದರ ಮೇಲೆ ಕೆಲವು ಬೇರಿಂಗ್‌ಗಳು ಹೊರೆ ತಗ್ಗಿದಾಗಲೇ ಹೆಚ್ಚು ಸದ್ದು ಮಾಡುವುದುಂಟು.

ಹೊಸ ಬೇರಿಂಗ್ ಹಾಕಿದ ಮೇಲೂ ಸದ್ದು ಕೂದಲೆಳೆಯಷ್ಟೂ ಬದಲಾಗಲಿಲ್ಲ ಎಂಬುದು ಬಹಳ ಬೆಲೆಯುಳ್ಳ ಮಾಹಿತಿ. ಹೊಸದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದ್ದರೆ ಅದೂ ಕೆಟ್ಟು ಸದ್ದು ಮಾಡಬಹುದು. ಆದರೆ ಆಗ ಸದ್ದಿನ ಸ್ವರವಾದರೂ ಬೇರೆಯಾಗಿರುತ್ತಿತ್ತು. ಅದೇ ಸ್ವರ, ಅದೇ ವೇಗದಲ್ಲಿ, ಅದೇ ತಿರುವಿನಲ್ಲಿ ಉಳಿದಿದೆ ಎಂದರೆ ಮುಂದಿನ ಎಡ ಬೇರಿಂಗ್ ನಿರಪರಾಧಿ. ಸಾಧ್ಯವಾದರೆ ಬಿಚ್ಚಿದ ಹಳೆಯದನ್ನು ಕೇಳಿ ಪಡೆದು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲೂ ತೊಡರದೆ ನುಣುಪಾಗಿ ತಿರುಗಿದರೆ ಅನುಮಾನವೇ ಉಳಿಯುವುದಿಲ್ಲ. ಕೆಟ್ಟ ಬೇರಿಂಗ್‌ನಲ್ಲಿ ಗುಂಡು ಅಥವಾ ರೋಲರ್ ಓಡುವ ಹಾದಿಯ ಉಕ್ಕು ಸಿಪ್ಪೆ ಎದ್ದಂತೆ ಕಿತ್ತುಬಂದಿರುತ್ತದೆ. ಆ ಒರಟು ಬೆರಳಿಗೇ ತಿಳಿಯುತ್ತದೆ.

ಇನ್ನುಳಿದ ಆರೋಪಿಗಳು ಮೂವರು: ಟೈರು, ಹಿಂದಿನ ಹೌಸಿಂಗ್‌ನೊಳಗಿನ (ಹಿಂದಿನ ಆಕ್ಸೆಲ್‌ನ ನಡುವಿನ ಉಬ್ಬಿದ ಪೆಟ್ಟಿಗೆ) ಕ್ರೌನ್ ಮತ್ತು ಪಿನಿಯನ್ ಎಂಬ ಗಿಯರ್ ಜೋಡಿ, ಹಿಂದಿನ ಎಡ ಚಕ್ರದ ಬೇರಿಂಗ್. ಇದೇ ಅನುಕ್ರಮದಲ್ಲಿ ನೋಡಿ. ಖರ್ಚಿಲ್ಲದ್ದು ಮೊದಲು ಬರಲಿ.

ಟೈರಿನ ಗುಂಯ್‌ಗುಡುವಿಕೆ ಬೇರಿಂಗ್‌ನದನ್ನು ಎಷ್ಟು ಹೋಲುತ್ತದೆ ಎಂದರೆ ಅನುಭವಿಗಳೂ ಮೋಸ ಹೋಗುತ್ತಾರೆ. ಎರಡಕ್ಕೂ ವ್ಯತ್ಯಾಸ ತೋರಿಸುವುದು ರಸ್ತೆ. ನುಣ್ಣನೆಯ ಹೊಸ ಡಾಂಬರಿನ ಮೇಲೆ ಟೈರಿನ ಸದ್ದು ಸ್ವರ ಬದಲಿಸುತ್ತದೆ, ಒರಟು ಕಾಂಕ್ರೀಟಿನ ಮೇಲೆ ಮತ್ತೆ ಬದಲಿಸುತ್ತದೆ. ಬೇರಿಂಗ್‌ಗೆ ರಸ್ತೆ ಯಾವುದಾದರೂ ಒಂದೇ. ನಿಮ್ಮ ಪತ್ರದಲ್ಲಿ ಈ ಒಂದು ವಿಷಯ ಮಾತ್ರ ಇಲ್ಲ, ಅದನ್ನು ಗಮನಿಸಿ. ಅನಂತರ ಗಾಡಿ ನಿಲ್ಲಿಸಿ, ಟೈರಿನ ಮೈಮೇಲೆ ಸುತ್ತಿನ ಉದ್ದಕ್ಕೂ ಅಂಗೈ ಆಡಿಸಿ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ತಂತಿಯ ಚೂರು ಹೊರಬಂದಿದ್ದರೆ ಕೈ ಕೊಯ್ಯುತ್ತದೆ, ಆದ್ದರಿಂದ ಮೊದಲು ಕಣ್ಣಿನಿಂದ ನೋಡಿಕೊಳ್ಳಿ. ಒಂದು ದಿಕ್ಕಿನಲ್ಲಿ ನುಣುಪಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಗುಲಿದರೆ, ಅಥವಾ ಅಲ್ಲಲ್ಲಿ ಬೊಗಸೆ ಹಾಕಿದಂತೆ ತಗ್ಗುಗಳಿದ್ದರೆ ಸದ್ದಿಗೆ ಟೈರೇ ಕಾರಣವಾಗಿರಬಹುದು. ಖಾಲಿ ಪಿಕಪ್‌ನ ಹಿಂಭಾಗ ಹಗುರವಾಗಿ ಪುಟಿಯುತ್ತದೆ. ಶಾಕ್ ಅಬ್ಸಾರ್ಬರ್ ದುರ್ಬಲವಾಗಿದ್ದರಂತೂ ಟೈರು ರಸ್ತೆಯ ಮೇಲೆ ಕುಪ್ಪಳಿಸುತ್ತಲೇ ಸವೆದು ಇಂಥ ತಗ್ಗುಗಳು ಏಳುತ್ತವೆ.

ಅನುಮಾನ ಉಳಿದರೆ ಎಡಗಡೆಯ ಹಿಂದಿನ ಚಕ್ರವನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಹಾಕಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಸದ್ದು ಜಾಗ ಬದಲಿಸಿದರೆ, ಇಲ್ಲವೇ ಅದರ ಸ್ವರ ಬೇರೆಯಾದರೆ, ತಪ್ಪು ಟೈರಿನದು. ಏನೂ ಬದಲಾಗದಿದ್ದರೆ ಟೈರನ್ನು ಪಟ್ಟಿಯಿಂದ ತೆಗೆದುಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಟೈರು ಅದಲುಬದಲು, ಅಲೈನ್‌ಮೆಂಟ್, ಗ್ರೀಸ್ ಎಲ್ಲವನ್ನೂ ಒಂದೇ ದಿನ ಮಾಡಿಸಿದರೆ ಸದ್ದು ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಟೈರಿನ ಬದಿಯಲ್ಲಿ ಅಥವಾ ಮೈಮೇಲೆ ಉಬ್ಬು ಕಂಡರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಒಳಗಿನ ಪದರ ಬಿಟ್ಟುಕೊಂಡಿದೆ ಎಂದೇ ಅರ್ಥ. ಅಲ್ಲೇ ಸ್ಟೆಪ್ನಿ ಹಾಕಿಕೊಳ್ಳಿ.

ಎರಡನೆಯದು ಹೌಸಿಂಗ್. ಕ್ರೌನ್ ಮತ್ತು ಪಿನಿಯನ್ ಸವೆದಿದ್ದರೆ, ಅಥವಾ ಪಿನಿಯನ್‌ನ ಬೇರಿಂಗ್ ಹೋಗಿದ್ದರೆ, ಸದ್ದು ನಿಮ್ಮ ಬಲಗಾಲಿನ ಮಾತು ಕೇಳುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು, ಎರಡರ ನಡುವೆ ಹಿಡಿದರೆ ಮೌನ. ಗಿಯರ್‌ನ ಹಲ್ಲುಗಳು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಒತ್ತಡ ಬದಲಿಸುವುದರಿಂದ ಹೀಗಾಗುತ್ತದೆ. ಚಕ್ರದ ಬೇರಿಂಗ್‌ಗೆ ಕಾಲು ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ, ಅದಕ್ಕೆ ವೇಗ ಮತ್ತು ಹೊರೆ ಮಾತ್ರ ಗೊತ್ತು. 60 ಕಿ.ಮೀ. ವೇಗದಲ್ಲಿ, ಹಿಂದೆ ಮುಂದೆ ವಾಹನಗಳಿಲ್ಲದಿರುವಾಗ, ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಹಾಗೆಯೇ ಉರುಳಲು ಬಿಡಿ. ಸದ್ದು ಹಾಗೇ ಮುಂದುವರಿದು ವೇಗದ ಜೊತೆ ಇಳಿದರೆ ಎಂಜಿನ್ ಮತ್ತು ಕ್ಲಚ್‌ಗೆ ಸಂಬಂಧವಿಲ್ಲ ಎಂದಾಯಿತು. ಈ ಪರೀಕ್ಷೆಯಲ್ಲಿ ಯಾವ ಕಾರಣಕ್ಕೂ ಎಂಜಿನ್ ಆಫ್ ಮಾಡಬೇಡಿ. ಕೀಲಿ ತಿರುಗಿಸಿದರೆ ಬ್ರೇಕ್ ಮತ್ತು ಸ್ಟೀರಿಂಗ್‌ಗೆ ಇರುವ ಶಕ್ತಿಯ ನೆರವು ನಿಂತುಹೋಗುತ್ತದೆ, ಸ್ಟೀರಿಂಗ್ ಲಾಕ್ ಕೂಡ ಬೀಳಬಹುದು.

ಇಷ್ಟು ಮಾಡಿದ ಮೇಲೆ ಚಕ್ರದ ಬಳಿಗೆ ಬನ್ನಿ. ಹದಿನೈದಿಪ್ಪತ್ತು ಕಿ.ಮೀ. ಓಡಿಸಿ, ಆದಷ್ಟು ಬ್ರೇಕ್ ಬಳಸದೆ ನಿಲ್ಲಿಸಿ, ಹಿಂದಿನ ಎರಡು ಚಕ್ರಗಳ ಹಬ್‌ನ, ಅಂದರೆ ನಡುಭಾಗದ, ಬಿಸಿಯನ್ನು ಹೋಲಿಸಿ. ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗೈಯನ್ನು ಹತ್ತಿರ ತಂದರೆ ಸಾಕು, ಬ್ರೇಕ್ ಡ್ರಮ್ಮನ್ನು ಮುಟ್ಟಬೇಡಿ. ಮುಂದಿನದನ್ನು ಹಿಂದಿನದರೊಡನೆ ಹೋಲಿಸುವುದು ವ್ಯರ್ಥ, ಬ್ರೇಕಿನ ಕೆಲಸ ಮುಂದೆಯೇ ಹೆಚ್ಚು. ಹಿಂದಿನ ಎಡಗಡೆ ಬಲಗಡೆಗಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಒಂದೋ ಬೇರಿಂಗ್ ಉಜ್ಜುತ್ತಿದೆ, ಇಲ್ಲವೇ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿದೆ. ಹ್ಯಾಂಡ್‌ಬ್ರೇಕ್‌ನ ಕೇಬಲ್ ತುಕ್ಕು ಹಿಡಿದು ಹಿಂದಕ್ಕೆ ಸರಿಯದಿದ್ದರೂ ಹೀಗಾಗುತ್ತದೆ.

ಅನಂತರ ಜಾಕ್. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನೀವು ಎತ್ತಿ ತಿರುಗಿಸಲಿರುವುದೂ ಹಿಂದಿನ ಚಕ್ರವನ್ನೇ. ಅಂದರೆ ಆ ಹೊತ್ತಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಲು ಮುಂದಿನ ಚಕ್ರಗಳಿಗೆ ಕೊಟ್ಟ ಆಪು ಬಿಟ್ಟು ಬೇರೇನೂ ಇರುವುದಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಎರಡೂ ಬದಿಯಿಂದ ಗಟ್ಟಿ ಮರದ ತುಂಡು ಕೊಡಿ. ಸಮತಟ್ಟಾದ ಗಟ್ಟಿ ನೆಲವೇ ಇರಲಿ. ಎತ್ತಿದ ಕೂಡಲೇ ಆಕ್ಸೆಲ್‌ನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಭಾರ ಅದರ ಮೇಲೆ ಕುಳಿತ ಮೇಲೆಯೇ ಕೈ ಹಾಕಿ. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆ ತೂರಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಗಿಯರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಕೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಇನ್ನೊಂದು ಅಂಗೈಯನ್ನು ಚಕ್ರದ ಹಿಂದೆಯೇ ಇರುವ ಆಕ್ಸೆಲ್ ಕೊಳವೆಯ ಮೇಲೆ ಇಡಿ. ಒಳ್ಳೆಯ ಬೇರಿಂಗ್ ಇದ್ದರೆ ಅಂಗೈಗೆ ಏನೂ ತಿಳಿಯುವುದಿಲ್ಲ. ಕೆಟ್ಟದ್ದು ಮರಳು ಬೆರೆತಂತೆ, ಬೀಸುವ ಕಲ್ಲು ತಿರುಗಿದಂತೆ ಕರಕರ ಎನ್ನುವುದು ಕೈಗೆ ಗೊತ್ತಾಗುತ್ತದೆ. ಅನಂತರ ಬಲಗಡೆಯನ್ನೂ ಹೀಗೆಯೇ ಎತ್ತಿ ನೋಡಿ. ಒಳ್ಳೆಯದು ಹೇಗಿರುತ್ತದೆ ಎಂಬುದನ್ನು ಅದೇ ಗಾಡಿಯ ಇನ್ನೊಂದು ಚಕ್ರಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು. ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲ್ಲಾಡಿಸಿ, ಒಳಕ್ಕೂ ಹೊರಕ್ಕೂ ಎಳೆದು ನೋಡಿ. ಟಕ್ ಎಂದು ಆಡಿದರೆ ಬೇರಿಂಗ್ ಸಡಿಲವಾಗಿದೆ. ಆದರೆ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು: ಆಟವಿಲ್ಲ ಎಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎಂದಲ್ಲ. ಸದ್ದು ಮಾಡುವ ಎಷ್ಟೋ ಬೇರಿಂಗ್‌ಗಳಲ್ಲಿ ಬಹುಕಾಲ ಆಟವೇ ಇರುವುದಿಲ್ಲ. ಅಲ್ಲಾಡಿಸಿ ನೋಡಿ ಚೆನ್ನಾಗಿದೆ ಎಂದು ಬಿಟ್ಟುಬಿಡುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ.

ಮುಂದಿನ ಚಕ್ರದಲ್ಲಿ ಇದೇ ಪರೀಕ್ಷೆ ಮಾಡುವಾಗ ಆಟ ಕಂಡರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಬಾಲ್ ಜಾಯಿಂಟ್. ಎಡ ಬಲ ಅಂಚುಗಳನ್ನು ಹಿಡಿದಾಗ ಮಾತ್ರ ಆಡಿದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ತುದಿ ನೋಡಿ.

ನೀರು ದಾಟಿಸಿದ್ದೆ ಎಂದು ಬರೆದಿದ್ದೀರಲ್ಲ, ನನ್ನ ಗಮನವನ್ನು ಹಿಂದಿನ ಆಕ್ಸೆಲ್ ಕಡೆಗೆ ತಿರುಗಿಸಿದ್ದು ಅದೇ. ಓಡಿ ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗಕ್ಕೆ ಹೊರಗಿನದು ನುಗ್ಗಬೇಕು. ಹೌಸಿಂಗ್‌ನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗೊಳವೆ ಇರುತ್ತದೆ, ಗಾಳಿ ಅಲ್ಲಿಂದ ಬರಬೇಕು. ಅದು ಕೆಸರಿನಿಂದ ಮುಚ್ಚಿದ್ದರೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್‌ನ ಅಂಚಿನಿಂದ ನೀರು ಒಳಗೆಳೆಯಲ್ಪಡುತ್ತದೆ. ಬ್ರೀದರ್ ತಾನೇ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕವೂ ನೀರು ಸೇರಬಹುದು. ನೀರು ಬೆರೆತ ಆಯಿಲ್ ಅಥವಾ ಗ್ರೀಸ್‌ನಲ್ಲಿ ಓಡುವ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ. ಮೊದಲು ಸಣ್ಣ ಚುಕ್ಕೆ, ಆಮೇಲೆ ಗುಳಿ, ಆಮೇಲೆ ಸದ್ದು. ಎಷ್ಟೋ ವಾರಗಳ ನಂತರ ಸದ್ದು ಶುರುವಾಗುವುದರಿಂದ ಜನರಿಗೆ ಆ ನೀರಿನ ನೆನಪೇ ಇರುವುದಿಲ್ಲ. ನಿಮಗೆ ನೆನಪಿರುವುದು ಒಳ್ಳೆಯದಾಯಿತು.

ಆದ್ದರಿಂದ ಹೌಸಿಂಗ್‌ನ ಲೆವೆಲ್ ಪ್ಲಗ್ ತೆಗೆಸಿ ಆಯಿಲ್ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಲೇಬೇಕು. ಪ್ಲಗ್‌ನ ತುದಿಯಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಅಂಟಿರುವುದನ್ನು ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆಯಂಥ ನುಣ್ಣನೆಯ ಪುಡಿ ಸಹಜ, ಚೂರುಗಳು ಸಹಜವಲ್ಲ. ಹಿಂದಿನ ಎಡ ಚಕ್ರದ ಒಳಮೈಯಲ್ಲಿ, ಡ್ರಮ್ಮಿನ ಹಿಂದಿನ ತಟ್ಟೆಯ ಕೆಳಗೆ ಎಣ್ಣೆಯ ಜಿಡ್ಡು ಇದೆಯೇ ನೋಡಿ. ಇದ್ದರೆ ಸೀಲ್ ಹೋಗಿದೆ. ಆ ಎಣ್ಣೆ ಬ್ರೇಕ್ ಲೈನಿಂಗ್‌ಗೆ ತಾಗಿದ್ದರೆ ಎಡಗಡೆಯ ಹಿಂದಿನ ಬ್ರೇಕನ್ನು ಇನ್ನು ನಂಬುವಂತಿಲ್ಲ. ಎಣ್ಣೆ ಹೀರಿದ ಲೈನಿಂಗ್ ತೊಳೆದರೆ ಸರಿಹೋಗುವುದಿಲ್ಲ, ಎರಡೂ ಬದಿಗೆ ಹೊಸದೇ ಬೇಕು.

ಎಲ್ಲ ಪರೀಕ್ಷೆಯೂ ಹಿಂದಿನ ಎಡ ಬೇರಿಂಗ್‌ನತ್ತ ಬೆರಳು ತೋರಿಸಿದರೆ, ನನ್ನ ಬಲವಾದ ಊಹೆಯೂ ಅದೇ, ಆಗ ಕೆಲಸವನ್ನು ಪ್ರೆಸ್ ಇರುವ ಕಡೆ ಮಾಡಿಸಿ. ಬಹಳಷ್ಟು ಪಿಕಪ್‌ಗಳಲ್ಲಿ ಈ ಬೇರಿಂಗನ್ನು ಆಕ್ಸೆಲ್ ಶಾಫ್ಟ್‌ನ ಮೇಲೆ ಬಿಗಿಯಾಗಿ ಒತ್ತಿ, ಉಂಗುರ ಕೊಟ್ಟು ಹಿಡಿಸಿರುತ್ತಾರೆ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಏಟು ಗುಂಡುಗಳ ಮೂಲಕ ಹಾದು ಅವು ಓಡುವ ಹಾದಿಯಲ್ಲಿ ಕುಳಿ ಬೀಳಿಸುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಹಳೆಯದಾಗುತ್ತದೆ. ಬೇರಿಂಗ್ ಜೊತೆಗೆ ಸೀಲ್ ಕೂಡ ಹೊಸದಾಗಲಿ, ಬ್ರೀದರ್ ಬಿಚ್ಚಿ ಊದಿ ಶುಚಿ ಮಾಡಿಸಿ. ಅದನ್ನು ಮರೆತರೆ ಬಿಸಿಯಾದ ಗಾಳಿ ಹೊರಹೋಗಲು ದಾರಿ ಸಿಗದೆ ಹೊಸ ಸೀಲ್‌ನಿಂದಲೂ ಎಣ್ಣೆಯನ್ನು ತಳ್ಳುತ್ತದೆ.

ಇನ್ನು ಆ ಚೀಂವ್ ಚೀಂವ್. ಇದು ಬೇರೆಯೇ ಸದ್ದು, ಗುಂಯ್‌ಗುಡುವುದರೊಡನೆ ಇದನ್ನು ಬೆರೆಸಬೇಡಿ. ಇದಕ್ಕೆ ಲೆಕ್ಕದ ಪರೀಕ್ಷೆ ಇದೆ. ಪಿಕಪ್ ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಎಂದುಕೊಳ್ಳಿ. 10 ಕಿ.ಮೀ. ವೇಗದಲ್ಲಿ ಚಕ್ರ ಹತ್ತು ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ. ಎಂಜಿನ್ ಕಡೆಯಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಚಕ್ರದ ಒಂದು ಸುತ್ತಿಗೆ ತಾನು ನಾಲ್ಕರ ಆಸುಪಾಸಿನಲ್ಲಿ ಸುತ್ತುತ್ತದೆ, ಅಂದರೆ ಅದೇ ಹತ್ತು ಸೆಕೆಂಡಿಗೆ ಐವತ್ತರಷ್ಟು. ನಿಧಾನವಾಗಿ ಓಡಿಸುತ್ತಾ ಎಣಿಸಿ. ಹನ್ನೆರಡರಷ್ಟು ಬಂದರೆ ಸದ್ದು ಚಕ್ರಕ್ಕೋ ಡ್ರಮ್ಮಿಗೋ ಸೇರಿದ್ದು. ಟೈರಿನ ಸಂದಿಯಲ್ಲಿ ಸಿಕ್ಕಿದ ಕಲ್ಲಿನ ಟಕ್ ಟಕ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಎಣಿಸಲು ಆಗದಷ್ಟು ಬೇಗ ಬೇಗ ಹಕ್ಕಿ ಕೂಗಿದಂತೆ ಬಂದರೆ ಶಾಫ್ಟ್‌ನ ಕೀಲಿನೊಳಗಿನ ನಾಲ್ಕು ತುದಿಯ ಜಾಯಿಂಟ್ ಕ್ರಾಸ್‌ನಲ್ಲಿ ಗ್ರೀಸ್ ಒಣಗಿದೆ. ನೀರು ಅಲ್ಲಿಗೂ ತಲುಪಿರುತ್ತದೆ. ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ನಾಲ್ಕೂ ತುದಿಯಿಂದ ಹೊಸ ಗ್ರೀಸ್ ಹೊರಬರುವವರೆಗೆ ತುಂಬಿಸಿ. ತುಕ್ಕಿನ ಕೆಂಪು ಪುಡಿ ಕಂಡರೆ, ಇಲ್ಲವೇ ಶಾಫ್ಟ್ ಹಿಡಿದು ತಿರುವಿದಾಗ ಜಾಯಿಂಟ್‌ನಲ್ಲಿ ಆಟವಿದ್ದರೆ, ಗ್ರೀಸ್‌ನಿಂದ ಅದು ಬದುಕುವುದಿಲ್ಲ. ಕ್ರಾಸ್ ಬದಲಿಸಿ. ಓಡುವಾಗ ಅದು ಮುರಿದರೆ ಶಾಫ್ಟ್ ಕಳಚಿ ರಸ್ತೆಗೆ ಬಡಿಯುತ್ತದೆ.

ಸರಕಿನ ವಿಷಯ. ಬೇರಿಂಗ್ ಖಚಿತವಾಗಿ ಸರಿಯಾಗುವವರೆಗೆ ಹೇರಬೇಡಿ. ಖಾಲಿ ಗಾಡಿಯಲ್ಲಿ ತಿಂಗಳುಗಟ್ಟಲೆ ಗುನುಗುವ ಬೇರಿಂಗ್ ಪೂರ್ತಿ ಹೊರೆ ಬಿದ್ದಾಗ ಒಂದೇ ಪ್ರಯಾಣದಲ್ಲಿ ಕೈಕೊಡಬಹುದು. ರಿಪೇರಿಗೆ ಒಯ್ಯುವಾಗ ಖಾಲಿ ಗಾಡಿಯನ್ನು ನಿಧಾನವಾಗಿ, ಹತ್ತಿರದ ದಾರಿಯಲ್ಲಿ ಒಯ್ಯಿರಿ. ಹೊರಡುವ ಮೊದಲು ವೀಲ್ ನಟ್‌ಗಳಿಗೆಲ್ಲ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಮುಂದಿನ ಎಡ ಚಕ್ರ ಇತ್ತೀಚೆಗೆ ಬಿಚ್ಚಿದ್ದು, ಬಿಚ್ಚಿ ಹಾಕಿದ ಯಾವುದೇ ಚಕ್ರದ ನಟ್‌ಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ನೋಡಬೇಕು. ಎದುರುಬದುರಾಗಿ, ಗಾಡಿಯ ಕೈಪಿಡಿಯಲ್ಲಿ ಹೇಳಿರುವಷ್ಟೇ ಬಿಗಿಯಿರಿ. ನಟ್‌ನ ಸುತ್ತ ತುಕ್ಕಿನ ಗೆರೆಗಳು ಹೊರಟಿದ್ದರೆ ಅದು ಸಡಿಲವಾಗಿ ಆಡುತ್ತಿದೆ ಎಂದೇ ತಿಳಿಯಿರಿ.

ದಾರಿಯಲ್ಲಿ ಗುಂಯ್ ಎನ್ನುವುದು ಗರಗರ ಎಂದಾದರೆ, ಸುಟ್ಟ ವಾಸನೆ ಬಂದರೆ, ಗಾಡಿಯ ಹಿಂಭಾಗ ಓಲಾಡಿದರೆ, ಅಥವಾ ಬ್ರೇಕ್ ಪೆಡಲ್ ಎಂದಿಗಿಂತ ಕೆಳಗೆ ಹೋಗಿ ಎರಡನೆಯ ಸಲ ತುಳಿದಾಗ ಮಾತ್ರ ಹಿಡಿದರೆ, ಅಲ್ಲಿಂದ ಒಂದು ಫರ್ಲಾಂಗನ್ನೂ ಓಡಿಸದೆ ಬದಿಗೆ ನಿಲ್ಲಿಸಿ ಎಳೆದೊಯ್ಯುವ ವಾಹನವನ್ನು ಕರೆಸಿ. ಕೊನೆಯದಾಗಿ, ಬಿಚ್ಚಿದ ಬೇರಿಂಗ್‌ನ ಒಳಹಾದಿ ಹೇಗಿತ್ತು, ಹೌಸಿಂಗ್‌ನ ಆಯಿಲ್ ಯಾವ ಬಣ್ಣದಲ್ಲಿತ್ತು ಎಂಬ ಎರಡು ವಿವರಗಳನ್ನು ನನಗೆ ಬರೆದು ತಿಳಿಸಿ. ಕ್ರೌನ್ ಮತ್ತು ಪಿನಿಯನ್‌ನ ಬೇರಿಂಗ್‌ಗಳನ್ನೂ ಈಗಲೇ ತೆರೆದು ನೋಡಬೇಕೇ ಬೇಡವೇ ಎಂಬುದನ್ನು ಅದರ ಮೇಲೆ ಹೇಳುತ್ತೇನೆ.